ಗಡ್ಡೆಗೆ ಮಾತ್ರ ಔಷಧಿ: ನ್ಯಾನೋ ಕಣಗಳು ನಿಜಕ್ಕೂ ಏನು ಮಾಡುತ್ತವೆ?

ಕೀಮೋಥೆರಪಿ ಔಷಧಿಗಳಲ್ಲಿ ಡಾಕ್ಸೋರುಬಿಸಿನ್ ಅಂತ ಒಂದಿದೆ. ನೋಡಲು ಕಡು ಕೆಂಪು. ಡ್ರಿಪ್ ಹಾಕಿದ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಾಗಿ ಹೋಗುತ್ತದೆ. ಸ್ತನದ ಕ್ಯಾನ್ಸರ್, ರಕ್ತದ ಕ್ಯಾನ್ಸರ್, ಮೂಳೆಯ ಗಡ್ಡೆ, ಹೀಗೆ ಹಲವಕ್ಕೆ ದಶಕಗಳಿಂದ ಇದನ್ನು ಕೊಡುತ್ತಿದ್ದಾರೆ. ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಜೀವಕೋಶದ ಒಳಗೆ ಹೋಗಿ, ಡಿಎನ್‌ಎ ಎಳೆಗಳ ನಡುವೆ ಸೇರಿಕೊಂಡು, ಕೋಶ ಒಡೆದು ಎರಡಾಗದಂತೆ ತಡೆಯುತ್ತದೆ.

ತೊಂದರೆ ಏನೆಂದರೆ, ಯಾವುದು ಕ್ಯಾನ್ಸರ್ ಕೋಶ, ಯಾವುದು ಒಳ್ಳೆಯ ಕೋಶ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಮೂಳೆಯ ಮಜ್ಜೆ, ಎಲ್ಲೆಲ್ಲಿ ಕೋಶಗಳು ಬೇಗ ಬೇಗ ಹುಟ್ಟುತ್ತವೋ ಅಲ್ಲೆಲ್ಲ ಏಟು ಬೀಳುತ್ತದೆ. ಇವೆಲ್ಲಕ್ಕಿಂತ ಹೆದರಬೇಕಾದದ್ದು ಹೃದಯಕ್ಕೆ ಬೀಳುವ ಏಟಿಗೆ. ಕೂದಲು ಮತ್ತೆ ಬರುತ್ತದೆ, ಸತ್ತ ಹೃದಯದ ಸ್ನಾಯು ಮತ್ತೆ ಬರುವುದಿಲ್ಲ. ಅದಕ್ಕೇ ಒಬ್ಬರಿಗೆ ಇಡೀ ಜೀವಮಾನದಲ್ಲಿ ಇಷ್ಟೇ ಅಂತ ಮಿತಿ ಹಾಕಿದ್ದಾರೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು ಸುಮಾರು 450ರಿಂದ 550 ಮಿಲಿಗ್ರಾಂ. ಗಡ್ಡೆ ಇನ್ನೂ ಕರಗುತ್ತಿದ್ದರೂ ಸರಿ, ಮಿತಿ ಮುಟ್ಟಿದರೆ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲಿಸಬೇಕು.

ರೋಗಕ್ಕೆ ಮಾತ್ರ ತಾಗಿ ಉಳಿದ ದೇಹವನ್ನು ಮುಟ್ಟದ ಔಷಧಿ ಬೇಕು ಅಂತ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ 20ನೇ ಶತಮಾನದ ಆರಂಭದಲ್ಲೇ ಹೇಳಿದ್ದರು. 'ಮಾಂತ್ರಿಕ ಗುಂಡು' ಅನ್ನುವ ಮಾತು ಅವರದ್ದೇ. ನ್ಯಾನೋ ಕಣಗಳ ಬಗ್ಗೆ ಬರುವ ಸುದ್ದಿಗಳು ಈಗಲೂ ಇದೇ ಚಿತ್ರವನ್ನು ಕೊಡುತ್ತವೆ: ಪುಟ್ಟದೊಂದು ಕಣ, ಅದರೊಳಗೆ ಔಷಧಿ, ಅದು ನೆಟ್ಟಗೆ ಗಡ್ಡೆಗೆ ಹೋಗಿ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಆದರೆ ಇವತ್ತು ಆಸ್ಪತ್ರೆಗಳಲ್ಲಿ ಬಳಸುತ್ತಿರುವ ನ್ಯಾನೋ ಔಷಧಿಗಳು ಹಾಗೆ ಕೆಲಸ ಮಾಡುವುದಿಲ್ಲ. ಅವುಗಳ ದೊಡ್ಡ ಉಪಕಾರ ಬೇರೆಯೇ ಇದೆ. ಔಷಧಿ ಹೋಗಬಾರದ ಕಡೆಗೆ ಹೋಗದಂತೆ ಅವು ತಡೆಯುತ್ತವೆ. ಇಷ್ಟನ್ನು ಹಿಡಿದುಕೊಂಡರೆ ಈ ಕ್ಷೇತ್ರ ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ ಅನ್ನುವುದು ಸಲೀಸಾಗಿ ಅರ್ಥವಾಗುತ್ತದೆ.

ಎಷ್ಟು ಸಣ್ಣದು, ಯಾಕೆ ಅಷ್ಟೇ ಸಣ್ಣದು?

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ಕೆಂಪು ರಕ್ತಕಣದ ಅಗಲ ಸುಮಾರು 7,000 ನ್ಯಾನೋಮೀಟರ್. ಔಷಧಿ ಹೊರುವ ಕಣಗಳು ಹೆಚ್ಚಾಗಿ 100 ನ್ಯಾನೋಮೀಟರ್ ಆಸುಪಾಸಿನವು. ಅಂದರೆ ಒಂದು ರಕ್ತಕಣದ ಅಗಲಕ್ಕೆ ಸಾಲಾಗಿ ಎಪ್ಪತ್ತು ಕಣ ನಿಲ್ಲಿಸಬಹುದು.

ಈ ಅಳತೆಯನ್ನು ಸುಮ್ನೆ ಆರಿಸಿಕೊಂಡದ್ದಲ್ಲ. ಸುಮಾರು 6 ನ್ಯಾನೋಮೀಟರಿಗಿಂತ ಸಣ್ಣದಾದರೆ ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಹೊರಗೆ ಹಾಕಿಬಿಡುತ್ತದೆ. 200 ದಾಟಿದರೆ ರಕ್ತ ಸೋಸುವ ಗುಲ್ಮದ (ಸ್ಪ್ಲೀನ್) ಕಿರಿದಾದ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇವೆರಡರ ನಡುವೆ ಇದ್ದರೆ ರಕ್ತದಲ್ಲಿ ಸುತ್ತಾಡಲು ಅವಕಾಶವಿದೆ. ಇನ್ನೊಂದು ವಿಷಯ, ಇದೇ ಬಹಳ ಮುಖ್ಯ. ಹೃದಯದ ಸ್ನಾಯುವಿಗೆ ಹೋಗುವ ಸೂಕ್ಷ್ಮ ರಕ್ತನಾಳಗಳ ಗೋಡೆ ಒತ್ತಾಗಿ ಹೆಣೆದುಕೊಂಡಿರುತ್ತದೆ. ಡಾಕ್ಸೋರುಬಿಸಿನ್‌ನ ಒಂಟಿ ಅಣು ಆ ಗೋಡೆಯನ್ನು ಆರಾಮಾಗಿ ದಾಟುತ್ತದೆ. 100 ನ್ಯಾನೋಮೀಟರಿನ ಕಣಕ್ಕೆ ಅದು ಆಗುವುದಿಲ್ಲ.

ಮೊದಲ ಕಣದ ಒಳಗೆ ಏನಿದೆ?

ಕ್ಯಾನ್ಸರ್ ಔಷಧಿಯಾಗಿ ಮೊದಲು ಒಪ್ಪಿಗೆ ಪಡೆದ ನ್ಯಾನೋ ಕಣದ ಹೆಸರು ಡಾಕ್ಸಿಲ್. ಇಸ್ರೇಲ್‌ನ ವಿಜ್ಞಾನಿಗಳಾದ ಯೆಹೆಜ್ಕೆಲ್ ಬರೆನ್‌ಹೋಲ್ಜ್ ಮತ್ತು ಅಲ್ಬರ್ಟೊ ಗ್ಯಾಬಿಜಾನ್ ಇದರ ಹಿಂದಿನ ಮುಖ್ಯರು. ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಸಿಕ್ಕಿತು. ಇದರ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಅಷ್ಟು ಚೆಂದವಾಗಿದೆ.

ನಮ್ಮ ಜೀವಕೋಶಗಳ ಪೊರೆ ಯಾವ ಬಗೆಯ ಕೊಬ್ಬಿನಿಂದ ಆಗಿದೆಯೋ ಅದೇ ಬಗೆಯ ಕೊಬ್ಬನ್ನು ನೀರಿಗೆ ಹಾಕಿದರೆ ಅದು ತಾನಾಗಿಯೇ ಸುತ್ತಿಕೊಂಡು ಪುಟ್ಟ ಚೀಲಗಳಾಗುತ್ತದೆ. ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ 1960ರ ದಶಕದಲ್ಲಿ ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ತೋರಿಸಿಕೊಟ್ಟರು. ಈ ಚೀಲಗಳೇ ಲೈಪೋಸೋಮ್. ಒಳಗೆ ನೀರು, ಸುತ್ತ ಕೊಬ್ಬಿನ ಎರಡು ಪದರ. ಹಾಗಾದರೆ ಒಳಗೆ ಔಷಧಿ ತುಂಬಿಸಿದರೆ ಆಯಿತು ಅಲ್ವಾ? ಅಷ್ಟು ಸುಲಭವಾಗಿರಲಿಲ್ಲ. ಔಷಧಿ ಬೆರೆಸಿದ ನೀರಿನಲ್ಲೇ ಚೀಲ ಮಾಡಿದರೆ ಒಳಗೆ ಸೇರುವುದು ಅತ್ಯಲ್ಪ. ಸೇರಿದ್ದೂ ಸೋರಿ ಹೋಗುತ್ತಿತ್ತು.

ಅದಕ್ಕೆ ಹುಡುಕಿದ ದಾರಿ ಹೀಗಿದೆ. ಮೊದಲು ಔಷಧಿ ಇಲ್ಲದೆ, ಅಮೋನಿಯಂ ಸಲ್ಫೇಟ್ ಎಂಬ ಲವಣ ಮಾತ್ರ ತುಂಬಿದ ಚೀಲಗಳನ್ನು ಮಾಡುತ್ತಾರೆ. ಆಮೇಲೆ ಹೊರಗಿನ ಅಮೋನಿಯಂ ಸಲ್ಫೇಟನ್ನು ತೊಳೆದು ತೆಗೆಯುತ್ತಾರೆ. ಒಳಗಿನಿಂದ ಅಮೋನಿಯಾ ಪೊರೆ ದಾಟಿ ಹೊರಗೆ ಹೋಗುತ್ತದೆ. ಹೋಗುವಾಗ ಒಂದೊಂದು ಹೈಡ್ರೋಜನ್ ಅಯಾನನ್ನು (ವಿದ್ಯುದಂಶ ಇರುವ ಹೈಡ್ರೋಜನ್) ಒಳಗೇ ಬಿಟ್ಟು ಹೋಗುತ್ತದೆ, ಒಳಗೆ ಆಮ್ಲ ಹೆಚ್ಚುತ್ತದೆ. ಈಗ ಹೊರಗೆ ಡಾಕ್ಸೋರುಬಿಸಿನ್ ಹಾಕಿದರೆ ಅದು ಪೊರೆ ದಾಟಿ ಒಳಗೆ ಬರುತ್ತದೆ. ಬಂದ ಕೂಡಲೇ ಆ ಹೈಡ್ರೋಜನ್ ಅಂಟಿಕೊಂಡು ವಿದ್ಯುದಂಶ ಬರುತ್ತದೆ. ವಿದ್ಯುದಂಶ ಇರುವ ಅಣು ಕೊಬ್ಬಿನ ಪೊರೆಯನ್ನು ಸಲೀಸಾಗಿ ದಾಟಲಾರದು. ಒಳಗೇ ಉಳಿದು, ಸಲ್ಫೇಟಿನ ಜೊತೆ ಸೇರಿ ಹರಳಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಚೀಲವೂ ನಡುವೆ ಗೀರು ಬಿದ್ದ ಕಾಫಿ ಬೀಜದ ಹಾಗೆ ಕಾಣುತ್ತದೆ. ಆ ಗೀರೇ ಔಷಧಿಯ ಹರಳು. ಒಂದೊಂದು ಚೀಲದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಔಷಧಿಯ ಅಣುಗಳು.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ರಕ್ತಕ್ಕೆ ಹೊರಗಿನದು ಏನು ಬಂದರೂ ಅದರ ಮೇಲೆ ನಮ್ಮದೇ ಪ್ರೋಟೀನುಗಳು ಅಂಟಿಕೊಳ್ಳುತ್ತವೆ. ಆ ಗುರುತು ಹಿಡಿದು ಲಿವರ್ ಮತ್ತು ಗುಲ್ಮದಲ್ಲಿರುವ ಭಕ್ಷಕ ಕೋಶಗಳು ಕಣವನ್ನು ನುಂಗುತ್ತವೆ. ರೋಗಾಣುಗಳಿಂದ ನಮ್ಮನ್ನು ಕಾಪಾಡುವ ವ್ಯವಸ್ಥೆಯೇ ಇಲ್ಲಿ ಅಡ್ಡ ಬರುತ್ತದೆ. ಇದನ್ನು ತಪ್ಪಿಸಲು ಚೀಲದ ಮೈಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ನೀರನ್ನು ಹಿಡಿದಿಡುವ ಎಳೆಗಳನ್ನು ನೆಟ್ಟರು. ಎಳೆಗಳ ಸುತ್ತ ನೀರಿನ ಪದರ ಕೂತು ಪ್ರೋಟೀನುಗಳು ಹತ್ತಿರ ಬರುವುದು ಕಡಿಮೆಯಾಗುತ್ತದೆ. ಬರಿಯ ಡಾಕ್ಸೋರುಬಿಸಿನ್ ಕೊಟ್ಟರೆ ಅದು ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಅಂಗಾಂಶಗಳಿಗೆ ಹರಡಿಹೋಗುತ್ತದೆ. ಡಾಕ್ಸಿಲ್ ಎರಡು ಮೂರು ದಿನ ರಕ್ತದಲ್ಲೇ ಸುತ್ತುತ್ತಿರುತ್ತದೆ.

ಗಡ್ಡೆಯ ಸೋರುವ ನಾಳಗಳು

ರಕ್ತದಲ್ಲಿ ಸುತ್ತುವ ಕಣ ಗಡ್ಡೆಗೆ ಸೇರುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು 1986ರಲ್ಲಿ, ಜಪಾನಿನ ಯಾಸುಹಿರೊ ಮಾತ್ಸುಮುರಾ ಮತ್ತು ಹಿರೋಶಿ ಮಾಯೆದಾ ಅವರಿಂದ. ಗಡ್ಡೆ ಬೆಳೆಯಬೇಕಾದರೆ ಅದಕ್ಕೆ ರಕ್ತ ಬೇಕು. ಹಾಗಾಗಿ ಅದು ಅವಸರದಲ್ಲಿ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಅವಸರದಲ್ಲಿ ಬೆಳೆದ ನಾಳಗಳ ಗೋಡೆಯಲ್ಲಿ ಸಂದುಗಳು ಉಳಿಯುತ್ತವೆ. ಕೆಲವು ಸಂದುಗಳು ನೂರಾರು ನ್ಯಾನೋಮೀಟರ್ ಅಗಲ. ಅದರ ಮೂಲಕ ಕಣಗಳು ಹೊರಗೆ ಸೋರುತ್ತವೆ. ಆರೋಗ್ಯವಾಗಿರುವ ಅಂಗಾಂಶದಲ್ಲಿ ಹೀಗೆ ಸೋರಿದ್ದನ್ನು ದುಗ್ಧರಸ ನಾಳಗಳು ಎಳೆದುಕೊಂಡು ವಾಪಸ್ ರಕ್ತಕ್ಕೆ ಸೇರಿಸುತ್ತವೆ. ಗಡ್ಡೆಯೊಳಗೆ ಆ ನಾಳಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋರಿದ್ದು ಅಲ್ಲೇ ನಿಲ್ಲುತ್ತದೆ.

ಇದರಲ್ಲಿ ಗುರಿ ಇಡುವ ಮಾತೇ ಇಲ್ಲ ಅನ್ನುವುದನ್ನು ಗಮನಿಸಿ. ಕಣಕ್ಕೆ ಗಡ್ಡೆ ಎಲ್ಲಿದೆ ಅಂತ ಗೊತ್ತಿಲ್ಲ. ರಕ್ತ ಹೋದ ಕಡೆಯೆಲ್ಲ ಅದೂ ಹೋಗುತ್ತದೆ. ನಾಳ ಬಿಗಿಯಾಗಿರುವ ಕಡೆ ಒಳಗೇ ಉಳಿಯುತ್ತದೆ, ಸೋರುವ ಕಡೆ ಹೊರಗೆ ಬೀಳುತ್ತದೆ. ಅಷ್ಟೇ.

ಅಷ್ಟರಿಂದಲೇ ಎಷ್ಟು ವ್ಯತ್ಯಾಸವಾಗುತ್ತದೆ? ಹರಡಿದ ಸ್ತನದ ಕ್ಯಾನ್ಸರ್ ಇದ್ದ 509 ಮಹಿಳೆಯರ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಮಾಮೂಲಿ ಡಾಕ್ಸೋರುಬಿಸಿನ್, ಉಳಿದವರಿಗೆ ಲೈಪೋಸೋಮಿನಲ್ಲಿ ತುಂಬಿದ್ದು. ರೋಗ ಹತೋಟಿಯಲ್ಲಿದ್ದ ಅವಧಿ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಬದುಕಿದ ಅವಧಿಯೂ ಹೆಚ್ಚುಕಡಿಮೆ ಒಂದೇ, 21 ಮತ್ತು 22 ತಿಂಗಳು. ಆದರೆ ಹೃದಯಕ್ಕೆ ಆದ ಹಾನಿ ಲೈಪೋಸೋಮ್ ಗುಂಪಿನಲ್ಲಿ ತುಂಬಾ ಕಡಿಮೆ. ಕೂದಲು ಉದುರಿದ್ದು ಮಾಮೂಲಿ ಔಷಧಿಯಲ್ಲಿ ನೂರಕ್ಕೆ 66 ಜನಕ್ಕೆ, ಲೈಪೋಸೋಮಿನಲ್ಲಿ 20 ಜನಕ್ಕೆ.

ಗಡ್ಡೆಗೆ ಬಿದ್ದ ಪೆಟ್ಟು ಜೋರಾಗಲಿಲ್ಲ, ಉಳಿದ ದೇಹಕ್ಕೆ ಬೀಳುವುದು ಕಡಿಮೆಯಾಯಿತು. ಕೆಲವರಿಗೆ ಇದು ನಿರಾಸೆಯ ಫಲಿತಾಂಶ. ನನಗೆ ಹಾಗನ್ನಿಸುವುದಿಲ್ಲ. ಹೃದಯ ಕೆಟ್ಟು ಚಿಕಿತ್ಸೆ ನಿಲ್ಲಿಸಬೇಕಾದವರಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಹೊಸ ತೊಂದರೆಯೊಂದು ಬಂತು. ಲೈಪೋಸೋಮ್ ಪಡೆದವರಲ್ಲಿ ಅರ್ಧದಷ್ಟು ಜನಕ್ಕೆ ಅಂಗೈ, ಅಂಗಾಲು ಕೆಂಪಾಗಿ ಊದಿ, ಉರಿದು, ಚರ್ಮ ಸುಲಿಯಿತು. ಮಾಮೂಲಿ ಔಷಧಿಯಲ್ಲಿ ಇದು ನೂರಕ್ಕೆ ಇಬ್ಬರಿಗೆ ಮಾತ್ರ. ಒತ್ತಡ, ಉಜ್ಜಾಟ, ಬಿಸಿ ಇರುವ ಕಡೆ ಚರ್ಮದ ಸೂಕ್ಷ್ಮ ನಾಳಗಳೂ ಸ್ವಲ್ಪ ಸೋರುತ್ತವೆ. ದಿನಗಟ್ಟಲೆ ರಕ್ತದಲ್ಲಿ ಸುತ್ತುವ ಕಣ ಅಲ್ಲೂ ಹೊರಗೆ ಬೀಳುತ್ತದೆ ಅನ್ನುವುದು ಇದಕ್ಕೆ ಕೊಡುವ ಕಾರಣ.

ನೂರಕ್ಕೆ ಒಂದೂ ಇಲ್ಲ

2016ರಲ್ಲಿ ಕೆನಡಾದ ಟೊರೊಂಟೊದಲ್ಲಿ ವಾರೆನ್ ಚಾನ್ ಅವರ ತಂಡ ಹತ್ತು ವರ್ಷಗಳ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿತು. ಪ್ರಾಣಿಗಳಿಗೆ ಚುಚ್ಚಿದ ನ್ಯಾನೋ ಕಣಗಳಲ್ಲಿ ಎಷ್ಟು ಪಾಲು ಗಡ್ಡೆಗೆ ತಲುಪಿದೆ? ಸಿಕ್ಕ ಮಧ್ಯಾಂಕ (ಎಲ್ಲ ಫಲಿತಾಂಶಗಳನ್ನು ಸಾಲಾಗಿ ಇಟ್ಟರೆ ನಟ್ಟನಡುವೆ ಬರುವ ಅಂಕಿ) 0.7 ಶೇಕಡಾ. ಈ ಕ್ಷೇತ್ರದಲ್ಲಿ ಅದು ದೊಡ್ಡ ಚರ್ಚೆಯನ್ನೇ ಎಬ್ಬಿಸಿತು.

ಉಳಿದ 99 ಭಾಗ ಎಲ್ಲಿ ಹೋಯಿತು? ಬಹುಪಾಲು ಲಿವರ್ ಮತ್ತು ಗುಲ್ಮಕ್ಕೆ. ಮೈಮೇಲಿನ ಎಳೆಗಳು ಭಕ್ಷಕ ಕೋಶಗಳನ್ನು ಸ್ವಲ್ಪ ಹೊತ್ತು ತಡೆಯುತ್ತವೆ, ಪೂರ್ತಿ ತಡೆಯುವುದಿಲ್ಲ. ಗಡ್ಡೆಯ ಅಂಚಿಗೆ ಬಂದ ಕಣಗಳಿಗೂ ದಾರಿ ಸುಲಭವಿಲ್ಲ. ನಾಳಗಳು ಸೋರಿ ಸೋರಿ ಗಡ್ಡೆಯ ಒಳಗೆ ದ್ರವದ ಒತ್ತಡ ಏರಿರುತ್ತದೆ. ಮಾಮೂಲಿ ಅಂಗಾಂಶದಲ್ಲಿ ಈ ಒತ್ತಡ ಸೊನ್ನೆಯ ಹತ್ತಿರ ಇರುತ್ತದೆ. ಗಡ್ಡೆಯಲ್ಲಿ ಅದು ಒಳಗಿನಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಅಂದರೆ ಕಣವನ್ನು ಒಳಗೆ ಬಿಟ್ಟ ಅದೇ ಸೋರುವಿಕೆ ಅದನ್ನು ಮುಂದೆ ಹೋಗಲು ಬಿಡುವುದಿಲ್ಲ. ಮೇದೋಜೀರಕ ಗ್ರಂಥಿಯ ಗಡ್ಡೆಯಲ್ಲಂತೂ ಕ್ಯಾನ್ಸರ್ ಕೋಶಗಳ ಸುತ್ತ ನಾರಿನ ದಪ್ಪ ಪದರ ಬೇರೆ. ಇದನ್ನೆಲ್ಲ ದಾಟಿ ಕೋಶದ ಒಳಗೆ ಹೋದರೂ ಕಣ ಒಂದು ಪೊರೆಯ ಗುಳ್ಳೆಯೊಳಗೆ ಬಂದಿಯಾಗಿರುತ್ತದೆ. ಔಷಧಿ ಆ ಗುಳ್ಳೆಯಿಂದ ತಪ್ಪಿಸಿಕೊಂಡು ಹೊರಗೆ ಬರಬೇಕು.

0.7 ಅನ್ನುವ ಅಂಕಿ ನೋಡಿ ಎಲ್ಲವೂ ವ್ಯರ್ಥ ಅಂದುಕೊಳ್ಳುವುದು ಸರಿಯಲ್ಲ. ಬರಿಯ ಔಷಧಿ ಚುಚ್ಚಿದಾಗಲೂ ಗಡ್ಡೆಗೆ ಸೇರುವುದು ತೀರಾ ಸಣ್ಣ ಪಾಲೇ. ಹಾಗಾಗಿ ಅದಕ್ಕಿಂತ ಜಾಸ್ತಿಯೋ ಕಡಿಮೆಯೋ ಅಂತ ಕೇಳಬೇಕು. ಗ್ಯಾಬಿಜಾನ್ ತಂಡ 1994ರಲ್ಲಿ ರೋಗಿಗಳ ಎದೆ ಮತ್ತು ಹೊಟ್ಟೆಯಲ್ಲಿ ಕ್ಯಾನ್ಸರಿನಿಂದ ತುಂಬಿಕೊಂಡ ನೀರನ್ನು ತೆಗೆದು ಅಳೆದಿತ್ತು. ಅದರಲ್ಲಿ ಲೈಪೋಸೋಮ್ ಕೊಟ್ಟಾಗ ಔಷಧಿಯ ಪ್ರಮಾಣ ಬರಿಯ ಔಷಧಿ ಕೊಟ್ಟಾಗಿನದಕ್ಕಿಂತ 4ರಿಂದ 16 ಪಟ್ಟು ಹೆಚ್ಚಿತ್ತು.

ಇನ್ನು ಇಲಿಯ ವಿಷಯ. ಪ್ರಯೋಗದ ಇಲಿಯಲ್ಲಿ ಗಡ್ಡೆ ಕೆಲವೇ ವಾರಗಳಲ್ಲಿ ಬೆಳೆಯುತ್ತದೆ. ಇಲಿಯ ತೂಕಕ್ಕೆ ಹೋಲಿಸಿದರೆ ಅದು ಭಾರೀ ಗಡ್ಡೆ. ಅಷ್ಟು ವೇಗವಾಗಿ ಬೆಳೆದದ್ದರಿಂದ ನಾಳಗಳೂ ಜೋರಾಗಿ ಸೋರುತ್ತವೆ. ಮನುಷ್ಯರ ಗಡ್ಡೆ ಹೆಚ್ಚಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆದದ್ದು. ಒಬ್ಬರ ಗಡ್ಡೆ ಸೋರುವಷ್ಟು ಇನ್ನೊಬ್ಬರದು ಸೋರುವುದಿಲ್ಲ, ಒಬ್ಬರ ದೇಹದಲ್ಲೇ ಎರಡು ಗಡ್ಡೆಗಳು ಬೇರೆ ಬೇರೆ ಇರಬಹುದು. 'ಇಲಿಗಳಲ್ಲಿ ಗಡ್ಡೆ ಪೂರ್ತಿ ಮಾಯ' ಅನ್ನುವ ಸುದ್ದಿ ಓದುವಾಗ ಇದು ನೆನಪಿರಲಿ.

ವಿಳಾಸ ಬರೆದರೂ ದಾರಿ ಗೊತ್ತಾಗುವುದಿಲ್ಲ

ಹಾಗಾದರೆ ಕಣದ ಮೇಲೆ ಗಡ್ಡೆಯನ್ನು ಗುರುತಿಸುವ ಏನನ್ನಾದರೂ ಅಂಟಿಸಬಹುದಲ್ಲ? ಇದನ್ನೇ ಗುರಿ ಇಟ್ಟು ಸಾಗಿಸುವುದು ಅನ್ನುತ್ತಾರೆ. ಕೆಲವು ಸ್ತನದ ಕ್ಯಾನ್ಸರ್ ಕೋಶಗಳ ಮೈಮೇಲೆ ಹರ್2 ಎಂಬ ಪ್ರೋಟೀನ್ ವಿಪರೀತ ಇರುತ್ತದೆ. ಅದಕ್ಕೆ ಅಂಟುವ ಪ್ರತಿಕಾಯವನ್ನು (ಆಂಟಿಬಾಡಿ) ಕಣದ ಮೇಲೆ ಕೂರಿಸಿದರೆ ಆಯಿತು. ಪ್ರಾಸ್ಟೇಟ್ ಕ್ಯಾನ್ಸರಿಗೆ ಬೇರೆ ಪ್ರೋಟೀನ್, ಅದಕ್ಕೆ ಬೇರೆ ಅಣು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಸಾಮಾನ್ಯ. ಪ್ರತಿಕಾಯ ಕಣವನ್ನು ಗಡ್ಡೆಯ ಕಡೆಗೆ ಎಳೆದುಕೊಂಡು ಹೋಗುವುದಿಲ್ಲ. ದೂರದಿಂದ ವಾಸನೆ ಹಿಡಿಯುವ ಶಕ್ತಿ ಅದಕ್ಕಿಲ್ಲ. ಕಣ ಕ್ಯಾನ್ಸರ್ ಕೋಶಕ್ಕೆ ತಾಗುವಷ್ಟು ಹತ್ತಿರ ಬಂದ ಮೇಲೆ ಮಾತ್ರ ಅದರ ಕೆಲಸ ಶುರು. ಅಲ್ಲಿಯವರೆಗಿನ ದಾರಿಯೆಲ್ಲ ಅದೇ ಲಿವರ್, ಅದೇ ನಾಳದ ಗೋಡೆ, ಅದೇ ಒತ್ತಡ. ತಲುಪಿದ ಕಣ ಕೋಶದ ಒಳಗೆ ಹೋಗಲು ಪ್ರತಿಕಾಯ ಸಹಾಯ ಮಾಡಬಹುದು. ತಲುಪುವ ಕಣಗಳ ಸಂಖ್ಯೆಯನ್ನು ಅದು ಹೆಚ್ಚೇನೂ ಬದಲಿಸುವುದಿಲ್ಲ.

ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಇದು ಕಣ್ಣಿಗೆ ಕಂಡಿತು. ಹರ್2 ಗುರುತಿಸುವ ಪ್ರತಿಕಾಯ ಹೊತ್ತ ಡಾಕ್ಸೋರುಬಿಸಿನ್ ಲೈಪೋಸೋಮ್ ಎಂಎಂ-302ರ ಪರೀಕ್ಷೆಯನ್ನು 2016ರಲ್ಲಿ ಅರ್ಧಕ್ಕೇ ನಿಲ್ಲಿಸಿದರು, ಈಗಾಗಲೇ ಇರುವ ಚಿಕಿತ್ಸೆಗಿಂತ ಮೇಲು ಅಂತ ತೋರಿಸಲು ಆಗಲಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ಗುರುತು ಹಿಡಿಯುವ ಕಣ ಮಾಡುತ್ತಿದ್ದ ಬೈಂಡ್ ಥೆರಪ್ಯೂಟಿಕ್ಸ್ ಎಂಬ ಕಂಪನಿ ಅದೇ ವರ್ಷ ದಿವಾಳಿ ಅರ್ಜಿ ಹಾಕಿತು.

ಸೋರುವ ಸಂದುಗಳ ಕಥೆಯೂ ಈಗ ಮೊದಲಿನಷ್ಟು ಸರಳವಾಗಿ ಉಳಿದಿಲ್ಲ. 2020ರಲ್ಲಿ ಚಾನ್ ಅವರ ತಂಡವೇ ಇನ್ನೊಂದು ಸಂಗತಿ ಹೇಳಿತು. ಇಲಿಯ ಗಡ್ಡೆಗಳಲ್ಲಿ ಸಂದುಗಳು ಅಂದುಕೊಂಡಷ್ಟು ಇಲ್ಲ. ಹೆಚ್ಚಿನ ಕಣಗಳನ್ನು ನಾಳದ ಗೋಡೆಯ ಕೋಶಗಳೇ ಒಂದು ಬದಿಯಲ್ಲಿ ಎತ್ತಿಕೊಂಡು ಇನ್ನೊಂದು ಬದಿಗೆ ಬಿಡುತ್ತವೆ. ಇದು ಮನುಷ್ಯರಲ್ಲೂ ನಿಜವಾದರೆ, ಸಂದಿಗೆ ತಕ್ಕ ಅಳತೆಯ ಕಣ ಮಾಡುವುದಕ್ಕಿಂತ ಆ ಕೋಶಗಳು ಎತ್ತಿಕೊಳ್ಳುವಂಥ ಕಣ ಮಾಡುವುದು ಮುಖ್ಯವಾಗುತ್ತದೆ.

ಬೇರೆ ದಾರಿಯಲ್ಲಿ ಗೆದ್ದವರು

ಪ್ಯಾಕ್ಲಿಟ್ಯಾಕ್ಸೆಲ್ ಇನ್ನೊಂದು ಹೆಸರುವಾಸಿ ಔಷಧಿ. ನೀರಿನಲ್ಲಿ ಕರಗುವುದಿಲ್ಲ. ಅದಕ್ಕೆ ಹರಳೆಣ್ಣೆಯಿಂದ ತಯಾರಿಸಿದ ಕ್ರೆಮೊಫೋರ್ ಎಂಬ ದ್ರಾವಕ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿ ಕೊಡುತ್ತಿದ್ದರು. ಆ ದ್ರಾವಕದಿಂದಲೇ ಕೆಲವರಿಗೆ ಜೀವಕ್ಕೆ ಅಪಾಯವಾಗುವಷ್ಟು ಅಲರ್ಜಿ. ಹಾಗಾಗಿ ಮೊದಲೇ ಸ್ಟೀರಾಯ್ಡ್ ಕೊಟ್ಟು, ಮೂರು ಗಂಟೆ ನಿಧಾನವಾಗಿ ಡ್ರಿಪ್ ಹಾಕಬೇಕಿತ್ತು. 2005ರಲ್ಲಿ ಒಪ್ಪಿಗೆ ಪಡೆದ ಅಬ್ರಾಕ್ಸೇನ್‌ನಲ್ಲಿ ಇದೇ ಔಷಧಿಯನ್ನು ನಮ್ಮ ರಕ್ತದಲ್ಲೇ ಇರುವ ಆಲ್ಬುಮಿನ್ ಪ್ರೋಟೀನಿನ ಜೊತೆ ಸೇರಿಸಿ 130 ನ್ಯಾನೋಮೀಟರ್ ಕಣ ಮಾಡಿದ್ದಾರೆ. ರಕ್ತಕ್ಕೆ ಹೋದ ಕೂಡಲೇ ಕಣ ಬಿಚ್ಚಿಹೋಗುತ್ತದೆ, ಗಡ್ಡೆಯವರೆಗೆ ಗಟ್ಟಿಯಾಗಿ ಇರುವುದೇ ಇಲ್ಲ. ಆದರೂ ದ್ರಾವಕದ ಕಾಟ ತಪ್ಪಿತು. ಅರ್ಧ ಗಂಟೆಯಲ್ಲಿ ಡ್ರಿಪ್ ಮುಗಿಯುತ್ತದೆ, ಜಾಸ್ತಿ ಪ್ರಮಾಣ ಕೊಡಬಹುದು.

ನನಗೆ ಇದಕ್ಕಿಂತ ಇಷ್ಟವಾದದ್ದು 2017ರಲ್ಲಿ ಬಂದ ವಿಕ್ಸಿಯೋಸ್. ಒಂದು ಬಗೆಯ ತೀವ್ರ ರಕ್ತದ ಕ್ಯಾನ್ಸರಿಗೆ ಸೈಟರಾಬಿನ್ ಮತ್ತು ಡೌನೋರುಬಿಸಿನ್ ಎಂಬ ಎರಡು ಔಷಧಿಗಳನ್ನು ಹಿಂದಿನಿಂದಲೂ ಒಟ್ಟಿಗೆ ಕೊಡುತ್ತಾರೆ. ಪ್ರಯೋಗಾಲಯದಲ್ಲಿ ನೋಡಿದಾಗ ಇವೆರಡರ ಅಣುಗಳು ಐದಕ್ಕೆ ಒಂದರ ಪ್ರಮಾಣದಲ್ಲಿದ್ದರೆ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಬೇರೆ ಬೇರೆಯಾಗಿ ಚುಚ್ಚಿದರೆ ದೇಹ ಒಂದನ್ನು ಬೇಗ, ಇನ್ನೊಂದನ್ನು ನಿಧಾನವಾಗಿ ಹೊರಹಾಕುತ್ತದೆ, ಲೆಕ್ಕ ತಪ್ಪುತ್ತದೆ. ಎರಡನ್ನೂ ಅದೇ ಪ್ರಮಾಣದಲ್ಲಿ ಒಂದೇ ಲೈಪೋಸೋಮಿನಲ್ಲಿ ಇಟ್ಟರೆ? ಅಪಾಯ ಹೆಚ್ಚಿರುವ ವಯಸ್ಸಾದ ರೋಗಿಗಳ ಪರೀಕ್ಷೆಯಲ್ಲಿ ಮಧ್ಯಾಂಕ ಆಯಸ್ಸು ಸುಮಾರು 6 ತಿಂಗಳಿದ್ದದ್ದು 9.6 ತಿಂಗಳಾಯಿತು. ಔಷಧಿ ಅವೇ, ಇಟ್ಟ ರೀತಿ ಬೇರೆ. ಇಲ್ಲಿ ಸೋರುವ ನಾಳಗಳ ಗಡ್ಡೆಯೂ ಇಲ್ಲ, ರೋಗ ಇರುವುದು ರಕ್ತ ಮತ್ತು ಮಜ್ಜೆಯಲ್ಲಿ.

ಬಿಸಿ ತಾಗಿಸಿದಾಗ ಮಾತ್ರ ಬಿಚ್ಚಿಕೊಳ್ಳುವ ಲೈಪೋಸೋಮ್ ಲಿವರ್ ಕ್ಯಾನ್ಸರಿನ ದೊಡ್ಡ ಪರೀಕ್ಷೆಗಳಲ್ಲಿ ಗೆಲ್ಲಲಿಲ್ಲ. ಹಾಫ್ನಿಯಂ ಎಂಬ ಲೋಹದ ಆಕ್ಸೈಡ್ ಕಣಗಳನ್ನು ನೇರವಾಗಿ ಗಡ್ಡೆಗೇ ಚುಚ್ಚಿ, ಆಮೇಲೆ ವಿಕಿರಣ ಕೊಟ್ಟು ಅದರ ಪೆಟ್ಟನ್ನು ಜೋರು ಮಾಡುವ ವಿಧಾನಕ್ಕೆ ಯುರೋಪಿನಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದೆ. ರಕ್ತದ ದಾರಿಯನ್ನೇ ಬಿಟ್ಟದ್ದರಿಂದ ಲಿವರಿನ ತೊಂದರೆ ಅಲ್ಲಿಲ್ಲ.

ಯಾರ ಗಡ್ಡೆ ಸೋರುತ್ತದೆ?

ನನ್ನ ಮಟ್ಟಿಗೆ ಈಗ ಹೆಚ್ಚು ಭರವಸೆ ಇರುವ ಕೆಲಸ ಹೊಸ ಕಣ ಮಾಡುವುದರಲ್ಲಿಲ್ಲ, ಯಾರಿಗೆ ಯಾವ ಕಣ ಕೊಡಬೇಕು ಅಂತ ಮೊದಲೇ ತಿಳಿಯುವುದರಲ್ಲಿದೆ. ರಕ್ತಹೀನತೆಗೆ ಕೊಡುವ ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ನ್ಯಾನೋ ಕಣ ಎಂಆರ್‌ಐ ಸ್ಕ್ಯಾನಿನಲ್ಲಿ ಕಾಣುತ್ತದೆ. ಲೈಪೋಸೋಮಿನಲ್ಲಿ ತುಂಬಿದ ಇರಿನೋಟೆಕಾನ್ ಎಂಬ ಕೀಮೋಥೆರಪಿ ಔಷಧಿ ಕೊಡುವ ಮೊದಲು ಕೆಲವು ರೋಗಿಗಳಿಗೆ ಈ ಕಬ್ಬಿಣದ ಕಣ ಕೊಟ್ಟು ಸ್ಕ್ಯಾನ್ ಮಾಡಿದರು. ಕಬ್ಬಿಣ ಜಾಸ್ತಿ ಸೇರಿದ ಗಡ್ಡೆಗಳೇ ಆಮೇಲೆ ಔಷಧಿಗೂ ಹೆಚ್ಚು ಕುಗ್ಗಿದವು. 2017ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಅದರಿಂದಲೇ ನಿಯಮ ಮಾಡಲಾಗದು. ಆದರೆ ಕೇಳಿದ ಪ್ರಶ್ನೆ ಸರಿಯಾಗಿದೆ. ಎಂಎಂ-302ರಂಥ ಪರೀಕ್ಷೆಗಳಿಗೆ ಸೇರಿಸಿಕೊಂಡದ್ದು ಹರ್2 ಇದೆಯೇ ಅಂತ ನೋಡಿ, ಗಡ್ಡೆಗೆ ಕಣ ಸೇರುತ್ತದೆಯೇ ಅಂತ ನೋಡಿ ಅಲ್ಲ. ಸೇರದವರನ್ನೂ ಸೇರುವವರನ್ನೂ ಒಂದೇ ಗುಂಪಿನಲ್ಲಿ ಹಾಕಿ ಸರಾಸರಿ ತೆಗೆದರೆ ಒಳ್ಳೆಯ ಔಷಧಿಯೂ ಸೋತಂತೆ ಕಾಣಬಹುದು.

ಇದು ಮುಂದಿನ ಮಾತು. ಈಗ ಚಿಕಿತ್ಸೆಯಲ್ಲಿರುವವರಿಗೆ ಮತ್ತು ಅವರ ಮನೆಯವರಿಗೆ ಒಂದೆರಡು ವಿಷಯ ಗೊತ್ತಿರಬೇಕು. ಒಂದೇ ಔಷಧಿಯ ಮಾಮೂಲಿ ರೂಪ ಮತ್ತು ನ್ಯಾನೋ ರೂಪ ಒಂದರ ಬದಲು ಇನ್ನೊಂದು ಕೊಡುವಂಥವಲ್ಲ. ಪ್ರಮಾಣ ಬೇರೆ, ಎಷ್ಟು ವಾರಕ್ಕೊಮ್ಮೆ ಅನ್ನುವುದು ಬೇರೆ, ಅಡ್ಡಪರಿಣಾಮ ಬೇರೆ. ಆಸ್ಪತ್ರೆ ಬದಲಿಸುವಾಗ 'ಡಾಕ್ಸೋರುಬಿಸಿನ್ ಕೊಟ್ಟಿದ್ದಾರೆ' ಅಂದರೆ ಸಾಲದು, ಲೈಪೋಸೋಮಿನದೋ ಅಲ್ಲವೋ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಲೈಪೋಸೋಮಿನದಾದರೆ ಡ್ರಿಪ್ ಆದ ಮೇಲೆ ಕೆಲವು ದಿನ ಕೈಕಾಲಿಗೆ ಬಿಸಿ ನೀರು, ಬಿಗಿಯಾದ ಚಪ್ಪಲಿ, ಉಜ್ಜಾಟ ಬೇಡ. ಅಂಗೈ ಅಂಗಾಲಿನಲ್ಲಿ ಜುಮ್ಮೆನ್ನುವುದು ಅಥವಾ ಕೆಂಪು ಶುರುವಾದರೆ ಮುಂದಿನ ಡ್ರಿಪ್ಪಿನವರೆಗೆ ತಡೆದುಕೊಳ್ಳದೆ ಡಾಕ್ಟರಿಗೆ ತಿಳಿಸಿ. ಮುಂದಿನ ಡೋಸನ್ನು ಸ್ವಲ್ಪ ಮುಂದೂಡಿ ಅಥವಾ ಕಡಿಮೆ ಮಾಡಿ ಅದನ್ನು ಹತೋಟಿಗೆ ತರಬಹುದು.